ಎಣ್ಣೆ ಮಿಲ್ಲಿನ ಮನೆಯ ತಲೆನೋವು

ಎಣ್ಣೆ ಮಿಲ್ಲಿನ ಮನೆಗೆ ಹೊರಗಿನಿಂದ ಎಣ್ಣೆ ಕೊಂಡು ತರುವ ಕಾಲ ಬರುತ್ತದೆಂದು ವೀರಬಸಮ್ಮ ಕನಸಿನಲ್ಲೂ ಎಣಿಸಿರಲಿಲ್ಲ. ಅದೂ ಎಂಥ ಎಣ್ಣೆ! ಬೆರಳುದ್ದದ ಕಂದು ಗಾಜಿನ ಸೀಸೆ, ತಲೆಕೆಳಗು ಮಾಡಿ ಅಲ್ಲಾಡಿಸಿದರೆ ಬೇಕೋ ಬೇಡವೋ ಎಂಬಂತೆ ಉದುರುವ ಒಂದು ಹನಿ. ಸೊಸೆ ಹೇಮಾವತಿ ಶಾಲೆಯಿಂದ ಬರುವಾಗ ಮೆಡಿಕಲ್ ಷಾಪಿನಿಂದ ತಂದು ಪಡಸಾಲೆಯ ಗೂಡಿನಲ್ಲಿಟ್ಟಿದ್ದಳು. ಅವಳ ಜೊತೆಯ ಟೀಚರೊಬ್ಬಳು ಅರೆತಲೆನೋವಿಗೆ ಇದನ್ನೇ ಹಚ್ಚುತ್ತಾಳಂತೆ.

ವೀರಬಸಮ್ಮನ ಗಂಡ ಏಕಾಂತಪ್ಪನವರಿಗೆ ಎಣ್ಣೆ ಎಂದ ಮೇಲೆ ಮೂಸದಿದ್ದರೆ ಹೇಗೆ? ಆಯುಷ್ಯವೆಲ್ಲ ಎಣ್ಣೆಯನ್ನು ಅಂಗೈಯಲ್ಲಿ ತಿಕ್ಕಿ, ಮೂಗಿಗೆ ಹಿಡಿದು, ಕಾಯಿ ಯಾವ ಹೊಲದ್ದು ಎಂದು ಹೇಳಿದ ಮನುಷ್ಯ. ಮುಚ್ಚಳ ತೆಗೆದು ಜೋರಾಗಿ ಒಂದು ಉಸಿರು ಎಳೆದರು. ಕಣ್ಣಲ್ಲಿ ನೀರು ತುಂಬಿತು.

"ಪಿಪ್ಪರ್ಮೆಂಟು" ಎಂದರು. "ಜಿಡ್ಡ ಇಲ್ಲ ಇದರಾಗ. ಜಿಡ್ಡಿಲ್ಲದ್ದು ಎಂಥ ಎಣ್ಣಿ?"

ಅವರು ತಮಾಷೆಗೆ ಅಂದದ್ದು. ವೀರಬಸಮ್ಮನಿಗೆ ಮಾತ್ರ ನಗು ಬರಲಿಲ್ಲ.

ಅವಳು ಪೆದ್ದಹರಿವಾಣದಿಂದ ಈ ಮನೆಗೆ ಮದುವೆಯಾಗಿ ಬಂದಾಗ ಹಿತ್ತಿಲ ಮಿಲ್ಲು ಹಗಲೂ ರಾತ್ರಿ ನಡೆಯುತ್ತಿತ್ತು. ಶೇಂಗಾ ಸುಗ್ಗಿಯಲ್ಲಿ ಓಣಿಯ ತುಂಬ ಬಂಡಿಗಳು. ಮಿಷಿನ್ನಿನಿಂದ ಬಿಸಿಬಿಸಿ ಹಿಂಡಿ ಹೊರಬರುವಾಗಿನ ಆ ಘಮ ಅಡುಗೆಮನೆಗೆ, ಹಾಸಿಗೆಗೆ, ಹೆಂಗಸರ ಸೆರಗಿಗೆ, ಕೊನೆಗೆ ದೇವರ ಮನೆಯ ವಿಭೂತಿಗೂ ಅಂಟಿಕೊಳ್ಳುತ್ತಿತ್ತು. ತವರಿಗೆ ಹೋದರೆ ಅವಳ ತಾಯಿ, ನೀನು ಬರುವುದು ಓಣಿಯ ತಿರುವಿನಲ್ಲೇ ಗೊತ್ತಾಗುತ್ತದೆ ಎಂದು ನಗುತ್ತಿದ್ದಳು. ಆಗ ನಾಚಿಕೆಯಾಗುತ್ತಿತ್ತು. ಈಗ ಆ ಮಾತು ನೆನಪಾದರೆ ವೀರಬಸಮ್ಮ ಸೆರಗನ್ನು ಮೂಗಿಗೆ ಹಿಡಿದು ನೋಡಿಕೊಳ್ಳುತ್ತಾಳೆ.

ಅತ್ತೆ ಉಚ್ಚಮ್ಮ ಕಟ್ಟುನಿಟ್ಟಿನ ಹೆಂಗಸು. ಮಾತು ಕಡಿಮೆ, ಕೆಲಸ ಹೆಚ್ಚು. ಹರೆಯದ ವೀರಬಸಮ್ಮನಿಗೂ ತಲೆನೋವು ಬರುತ್ತಿತ್ತು, ಕಣ್ಣು ತೆರೆಯಲಾಗದಂಥ ನೋವು. ಆಗ ಮಾತ್ರ ಉಚ್ಚಮ್ಮ ಬೇರೆಯೇ ಹೆಂಗಸಾಗುತ್ತಿದ್ದಳು. ಸೊಸೆಯನ್ನು ಅಂಗಳದಲ್ಲಿ ತನ್ನ ಮೊಣಕಾಲುಗಳ ನಡುವೆ ಕೂರಿಸಿಕೊಂಡು, ಬೆಚ್ಚಗಿನ ಔಡಲೆಣ್ಣೆಯನ್ನು ನೆತ್ತಿಗೆ ಸುರಿದು ತಟ್ಟುತ್ತಿದ್ದಳು. ಆ ದಪ್ಪ ಬೆರಳುಗಳು, ಹಿಂದಿನಿಂದ ಮಿಲ್ಲಿನ ಸದ್ದು, ಅಂಗಳದ ಬೇವಿನ ನೆರಳು. ಗಂಡನ ಮನೆಯಲ್ಲಿ ತಾನು ಮಗಳಾದದ್ದು ಆ ಹೊತ್ತಿನಲ್ಲೇ ಎಂದು ವೀರಬಸಮ್ಮ ನಂಬಿದ್ದಳು. ತನಗೂ ಸೊಸೆ ಬಂದರೆ ಹೀಗೇ ಕೂರಿಸಿಕೊಂಡು ತಟ್ಟಬೇಕೆಂದು ಆಸೆಪಟ್ಟಿದ್ದಳು.

ಪ್ಯಾಕೆಟ್ ಎಣ್ಣೆ ಬಂದು ಮಿಲ್ಲು ನಿಂತಿತು. ಉಚ್ಚಮ್ಮ ಹೋದಳು. ಏಕಾಂತಪ್ಪನವರು ಮಾತ್ರ ಮಿಷಿನ್ನನ್ನು ಮಾರಲಿಲ್ಲ. ದಿನಾ ಬೆಳಿಗ್ಗೆ ಹಿತ್ತಿಲ ಬಾಗಿಲು ತೆರೆದು, ಅದರ ಮೇಲಿನ ಧೂಳು ಒರೆಸಿ, ಪಕ್ಕದ ಸ್ಟೂಲಿನ ಮೇಲೆ ಕುಳಿತು ತೆಲುಗು ಪೇಪರು ಓದಿ ಬರುತ್ತಿದ್ದರು. ಊರು ಆಂಧ್ರದ ಗಡಿಯದು, ಮನೆಮಾತು ಕನ್ನಡ, ಬೀದಿಮಾತು ತೆಲುಗು. ಮಗ ಸೋಮೇಶ ಜಿನ್ನಿಂಗ್ ಮಿಲ್ಲೊಂದರಲ್ಲಿ ಸೂಪರ್‌ವೈಸರ್. ಅವನಿಗೆ ಹತ್ತಿಯೇ ಲೋಕ.

ಹೇಮಾವತಿ ಆಲೂರಿನ ಹುಡುಗಿ. ಬಂದ ಹೊಸದರಲ್ಲಿ ಅವಳಿಗೆ ಒಂದು ಸೀನೂ ಬಂದದ್ದಿಲ್ಲ. ಈ ಜೂನಿನಲ್ಲಿ ಚಿಕ್ಕ ಮಕ್ಕಳ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಬೆಳಿಗ್ಗೆ ಎದ್ದು, ರೊಟ್ಟಿ ಬಡಿದು, ಪಲ್ಯ ಮಾಡಿಟ್ಟು, ಸ್ನಾನ ಮುಗಿಸಿ ವ್ಯಾನ್ ಹತ್ತಿದರೆ ಮಧ್ಯಾಹ್ನದ ಮೇಲೆಯೇ ಮನೆ. ಶ್ರಾವಣದ ಹೊತ್ತಿಗೆ ತಲೆನೋವು ಶುರುವಾಯಿತು. ಶಾಲೆಯಿಂದ ಬಂದವಳೇ ಒಳಕೋಣೆಯ ಕಿಟಕಿ ಮುಚ್ಚಿ, ತಲೆಯ ಒಂದು ಪಕ್ಕವನ್ನು ಒತ್ತಿ ಹಿಡಿದು ಮಲಗಿಬಿಡುವಳು. ಪಾತ್ರೆಯ ಸದ್ದಾದರೆ ಮುಖ ಹಿಂಡುವಳು.

"ಬಾ ತಾಯಿ, ಒಂದೀಟು ಔಡಲೆಣ್ಣಿ ತಟ್ತೀನಿ" ಎಂದು ವೀರಬಸಮ್ಮ ಬಟ್ಟಲು ಹಿಡಿದು ಹೋದಳು.

"ಬ್ಯಾಡ್ರಿ ಅತ್ತಿ. ಆ ವಾಸನಿಗೆ ಹೊಟ್ಟಿ ತೊಳಸ್ತೈತಿ."

ನೋವಿನಲ್ಲಿ ಆಡಿದ ಮಾತು. ಆದರೆ ವೀರಬಸಮ್ಮ ಬಟ್ಟಲು ಹಿಡಿದು ಹಿಂತಿರುಗಿದಳಲ್ಲ, ಆ ನಾಲ್ಕು ಹೆಜ್ಜೆ ಅವಳಿಗೆ ಬಹಳ ದೂರವಾಯಿತು. ಆಮೇಲೆ ಬಂದದ್ದು ಈ ಸೀಸೆ. ಹೇಮಾವತಿ ಒಂದು ಚಮಚ ಕೊಬ್ಬರಿ ಎಣ್ಣೆಗೆ ಎರಡು ಹನಿ ಬೆರೆಸಿ ಕಿವಿಯ ಪಕ್ಕಕ್ಕೂ ಕುತ್ತಿಗೆಯ ಹಿಂದಕ್ಕೂ ತಾನೇ ಹಚ್ಚಿಕೊಳ್ಳುವಳು. ಕರ್ಚೀಫಿಗೆ ಒಂದು ಹನಿ ಹಾಕಿ ಮೂಸುವಳು. ನೋವು ಹೋಗುತ್ತಿರಲಿಲ್ಲ, ಎದ್ದು ಕೂರುವಷ್ಟು ಹಗುರಾಗುತ್ತಿತ್ತು. ಪಡಸಾಲೆಯಲ್ಲಿ ಕುಳಿತ ವೀರಬಸಮ್ಮ ತನ್ನೆರಡು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದಳು.

ಭಾದ್ರಪದದ ಒಂದು ಶುಕ್ರವಾರ ಅವಳಿಗೊಂದು ಉಪಾಯ ಹೊಳೆಯಿತು. ಸೊಸೆಯ ಎಣ್ಣೆಯೂ ಇರಲಿ, ತನ್ನ ಎಣ್ಣೆಯೂ ಇರಲಿ, ಎರಡೂ ಕೂಡಿದರೆ ಯಾರ ಮನಸ್ಸೂ ಮುರಿಯುವುದಿಲ್ಲ. ಔಡಲೆಣ್ಣೆಯ ವಾಸನೆಯನ್ನು ಪಿಪ್ಪರ್ಮೆಂಟು ನುಂಗಿಯೂ ಬಿಡುತ್ತದೆ. ಕಬ್ಬಿಣದ ಸೌಟಿನಲ್ಲಿ ಔಡಲೆಣ್ಣೆ ಬಿಸಿಗಿಟ್ಟು ಸೀಸೆಯ ಮುಚ್ಚಳ ತೆಗೆದಳು. ಎಷ್ಟು ಹಾಕಬೇಕು? ಡಬ್ಬಿಗಟ್ಟಲೆ ಎಣ್ಣೆ ಅಳೆದು ಕೊಟ್ಟ ಮನೆಯಲ್ಲಿ ಹನಿ ಎಣಿಸುವುದೆಂದರೆ ಅವಳಿಗೆ ಜಿಪುಣತನ ಎನಿಸಿತು. ರಬ್ಬರಿನ ಬಿರಡೆಯನ್ನೂ ಕಿತ್ತು ಸೀಸೆಯನ್ನು ಪೂರಾ ಬಗ್ಗಿಸಿದಳು. ಗಮ್ಮೆಂದು ಆವಿ ಎದ್ದು ಅವಳ ಮೂಗೇ ಉರಿಯಿತು. ಖಾರವಿದ್ದಷ್ಟೂ ಗುಣ ಹೆಚ್ಚೆಂದು ಖುಷಿಪಟ್ಟಳು.

ಹೇಮಾವತಿ ಕಣ್ಣು ಮುಚ್ಚಿ ಚಾಪೆಯ ಮೇಲೆ ಮಲಗಿದ್ದಳು. ತಲೆಯ ಹತ್ತಿರ ಅತ್ತೆ ಕುಳಿತದ್ದು ತಿಳಿಯಿತು. ಇನ್ನೊಮ್ಮೆ ಬೇಡ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ವೀರಬಸಮ್ಮ ನೆತ್ತಿಗೆ ಸುರಿದು ತಟ್ಟಿದಳು. ಮೊದಲು ತಣ್ಣಗಾಯಿತು, ಮರುಗಳಿಗೆಯಲ್ಲಿ ನೆತ್ತಿ ಉರಿದುಹೋಯಿತು. ಎಣ್ಣೆ ಹಣೆಯಿಂದಿಳಿದು ಕಣ್ಣಿಗೆ ಹೋಯಿತು. ಹೇಮಾವತಿ ಎದ್ದು ಗೋಡೆ ತಡವುತ್ತ ಬಚ್ಚಲಿಗೆ ಓಡಿ ಅಲ್ಲೇ ವಾಂತಿ ಮಾಡಿಕೊಂಡಳು. ಏಕಾಂತಪ್ಪನವರು ಕೊಡಗಟ್ಟಲೆ ನೀರು ಹೊಯ್ದರು. ವೀರಬಸಮ್ಮ ಎಣ್ಣೆಗೈಯಲ್ಲಿ ಬಚ್ಚಲ ಬಾಗಿಲಲ್ಲಿ ನಿಂತಿದ್ದಳು. ಆ ಕೈಯಿಂದ ಸೊಸೆಯನ್ನು ಮುಟ್ಟುವಂತಿರಲಿಲ್ಲ.

ಸೋಮೇಶ ಬಂದಾಗ ಹೆಂಡತಿಯ ಕಣ್ಣು ಕೆಂಡದ ಬಣ್ಣಕ್ಕೆ ತಿರುಗಿತ್ತು. ಡಾಕ್ಟರ ಹತ್ತಿರ ಕರೆದೊಯ್ದು ಕಣ್ಣಿಗೆ ಔಷಧ ಹಾಕಿಸಿಕೊಂಡು ಬಂದ. ಊಟಕ್ಕೆ ಕುಳಿತಾಗ ಅಷ್ಟು ಹೊತ್ತು ತಡೆದದ್ದು ಹೊರಬಂತು.

"ಅವ್ವ, ಅದು ಔಷಧ. ನಿಮ್ಮ ಡಬ್ಬಿ ಎಣ್ಣಿ ಅಲ್ಲ, ಹೊಯ್ಯಾಕ."

"ಚಲೋದಕ್ಕ ಮಾಡಿದ್ನೆಪ್ಪ."

"ಚಲೋದಕ್ಕ! ಆಕಿಗಿ ತಲಿನೋವು ಯಾಕ ಬರ್ತೈತಿ ಹೇಳ್ಲೇನು? ಈ ಮನಿ ವಾಸನಿ. ಮಳಿ ಬಂದ್ರ ಸಾಕು, ಹಿತ್ತಲ ಮಿಲ್ಲಿಂದ ಹಳಸಿದ ಎಣ್ಣಿ ನಾತ ಹೊಡೀತೈತಿ. ನಿಮ್ಗ ರೂಢಿ ಆಗೇತಿ, ಗೊತ್ತಾಗೂದಿಲ್ಲ. ನಾವು ಬ್ಯಾರೆ ಮನಿ ನೋಡ್ತೀವಿ."

ಏಕಾಂತಪ್ಪನವರು ಅರ್ಧ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಕೈತೊಳೆಯಲು ಎದ್ದರು. ಒಳಗೆ ಮಲಗಿದ್ದ ಹೇಮಾವತಿ ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ದಸರೆ ರಜೆ ಬಿಟ್ಟಕೂಡಲೆ ತವರಿಗೆ ಹೋದಳು. ಹೋಗುವಾಗ ಅತ್ತೆಯ ಕಾಲಿಗೆ ನಮಸ್ಕಾರ ಮಾಡಿದಳು, ಬರುತ್ತೇನೆ ಎಂದಳು. ಯಾವಾಗ ಎಂದು ಕೇಳಲು ವೀರಬಸಮ್ಮನಿಗೆ ಧೈರ್ಯವಾಗಲಿಲ್ಲ. ಮನೆ ಎರಡಾಗುತ್ತದೆಂಬ ಭಯ ಅವಳನ್ನು ಬಿಡಲಿಲ್ಲ. ಬೇರೆ ಮನೆ ಎಂದರೆ ಇದೇ ಊರಲ್ಲೇ ಇರಬಹುದು, ಆದರೆ ತಟ್ಟೆ ಬೇರೆಯಾದ ಮೇಲೆ ಊರು ಯಾವುದಾದರೇನು?

ಮಾರನೆಯ ವಾರ ಏಕಾಂತಪ್ಪನವರು ಗುಜರಿ ಬಜಾರಪ್ಪನನ್ನು ಕರೆದುಕೊಂಡು ಬಂದರು. ಹೆಂಡತಿಯನ್ನು ಕೇಳಲಿಲ್ಲ. ಹಿತ್ತಿಲಲ್ಲಿ ಕಬ್ಬಿಣ ಕೊಯ್ಯುವ ಸದ್ದು ಕೇಳಿ ಅವಳು ಹೊರಗೆ ಬಂದಳು.

"ಏನ್ರೀ ಇದು?"

"ಮಿಷಿನ್ ಹೋದ್ರ ಹೋಗ್ಲಿ ಬಸಮ್ಮ. ಮಗ ಹೋಗಬಾರದು."

ತುಂಡುತುಂಡಾಗಿ ಮಿಷಿನ್ನು ಟ್ರಾಲಿ ಏರಿತು. ಹಳೆಯ ಡ್ರಮ್ಮುಗಳನ್ನು ಉರುಳಿಸಿದಾಗ ತಳದಲ್ಲಿ ಗಟ್ಟಿಯಾಗಿದ್ದ ಎಣ್ಣೆ ಬಿಸಿಲಿಗೆ ಕರಗಿತು. ಗಂಡ ಹೆಂಡತಿ ಇಬ್ಬರೂ ಸೇರಿ ವಾಷಿಂಗ್ ಸೋಡಾ ಹಾಕಿ ಬಿಸಿನೀರಿನಲ್ಲಿ ನೆಲ ತಿಕ್ಕಿದರು. ಆ ಬಿಸಿಗೆ ಕಲ್ಲುಸಂದಿನಲ್ಲಿ ಎಷ್ಟೋ ಕಾಲದಿಂದ ಕುಳಿತಿದ್ದ ಶೇಂಗಾದ ವಾಸನೆಯೆಲ್ಲ ಒಮ್ಮೆಲೇ ಎದ್ದು ಓಣಿಗೆ ಹರಡಿತು. ಹಾದಿಯಲ್ಲಿ ಹೋಗುತ್ತಿದ್ದ ಹಳಬ ಪಂಪಣ್ಣ ಬಾಗಿಲಲ್ಲಿ ನಿಂತು ಮುಖವರಳಿಸಿ ಕೇಳಿದ:

"ಸಾವ್ಕಾರ್ರ, ಮಿಲ್ಲು ಮತ್ತ ಚಾಲೂ ಮಾಡೀರೇನ್ರಿ?"

ಏಕಾಂತಪ್ಪನವರು ಕಸಬರಿಗೆ ಹಿಡಿದುಕೊಂಡೇ, ಹೌದೋ ಅಲ್ಲವೋ ಎಂಬಂತೆ ಕೈಯಾಡಿಸಿದರು. ಸುಣ್ಣ ಬಳಿದ ಮೇಲೆ ಆ ಕೋಣೆ ಯಾರದೋ ಮನೆಯ ಕೋಣೆಯಂತಾಯಿತು. ಸಂಜೆ ಅವರು ಕಟ್ಟೆಯ ಮೇಲೆ ಕುಳಿತು ತಮ್ಮ ಅಂಗೈಯನ್ನು ಮೂಗಿಗೆ ಹಿಡಿದು ನೋಡಿದ್ದನ್ನು ವೀರಬಸಮ್ಮ ಕಂಡಳು. ಕಂಡರೂ ಕಾಣದವಳಂತೆ ಒಳಗೆ ಹೋಗಿ, ಒಲೆಯ ಮುಂದೆ ಕುಳಿತು ಅತ್ತಳು.

ರಜೆ ಮುಗಿಯುವ ಮೊದಲೇ ಹೇಮಾವತಿ ಬಂದಳು. ಮುಖ ತುಂಬಿಕೊಂಡಿತ್ತು. ಆಲೂರಿನಲ್ಲಿ ಒಂದು ದಿನವೂ ತಲೆ ನೋಯಲಿಲ್ಲವಂತೆ. ಹಿತ್ತಿಲ ಬಾಗಿಲು ತೆರೆದವಳು ಅಲ್ಲೇ ನಿಂತುಬಿಟ್ಟಳು.

"ಯಾರು ಹೇಳಿದ್ರು ಮಾವ ಇದನ್ನ ಮಾಡಾಕ? ನಾ ಯಾವತ್ತಾರ ಅಂದೀನೇನ್ರಿ?"

"ನೀ ಅಂದಿಲ್ಲ ತಾಯಿ. ಖಾಲಿ ಆಗೂದಿತ್ತು, ಆತು."

ರಜೆಯ ಉಳಿದ ದಿನಗಳು ಹಬ್ಬದಂತಿದ್ದವು. ಹೇಮಾವತಿ ಮುಂಜಾನೆ ಸ್ನಾನ ಮಾಡಿ ಅತ್ತೆಯ ಜೊತೆಗೇ ಲಿಂಗಪೂಜೆಗೆ ಕೂರುವಳು, ಜೊತೆಗೇ ರೊಟ್ಟಿ ತಿನ್ನುವಳು. ತಲೆನೋವಿನ ಸುದ್ದಿಯೇ ಇಲ್ಲ. ನಾ ಹೇಳಿದ್ದು ಖರೆ ಆಯಿತೋ ಇಲ್ಲವೋ ಎಂದು ಸೋಮೇಶ ಊಟಕ್ಕೆ ಕುಳಿತಾಗೆಲ್ಲ ಬೀಗಿದ. ಏಕಾಂತಪ್ಪನವರೂ ಹೌದಪ್ಪ ಎಂದರು. ಬೇರೆ ಮನೆಯ ಮಾತು ತಾನಾಗಿ ತಣ್ಣಗಾಯಿತು.

ಶಾಲೆ ಶುರುವಾಯಿತು. ಆ ವಾರವೇ ಹೇಮಾವತಿ ಮಧ್ಯಾಹ್ನ ಬಂದು ಬ್ಯಾಗನ್ನು ಬಾಗಿಲಲ್ಲೇ ಇಳಿಸಿ, ಗೋಡೆ ಹಿಡಿದು ಒಳಗೆ ನಡೆದಳು. ಕಿಟಕಿ ಮುಚ್ಚಿದ ಸದ್ದಾಯಿತು. ಪಡಸಾಲೆಯಲ್ಲಿ ಮುದುಕ ಮುದುಕಿ ಒಬ್ಬರ ಮುಖ ಒಬ್ಬರು ನೋಡಿದರು. ಇನ್ನು ಈ ಮನೆಯಲ್ಲಿ ಕಿತ್ತುಹಾಕಲು ಏನು ಉಳಿದಿದೆ?

ಗೋಡೆಗೇ ಎಣ್ಣೆ ಇಳಿದುಬಿಟ್ಟಿದೆ, ಮನೆ ಬದಲಿಸುವುದೊಂದೇ ದಾರಿ ಎಂದು ಸೋಮೇಶ ಹಳೇ ರಾಗ ತೆಗೆದ. ವೀರಬಸಮ್ಮ ಈ ಸಲ ಸುಮ್ಮನಿರಲಿಲ್ಲ. ಮೊದಲು ತಲೆನೋವಿನ ದೊಡ್ಡ ಡಾಕ್ಟರಿಗೆ ತೋರಿಸು, ಆಮೇಲೆ ಮನೆ ನೋಡು ಎಂದಳು. ಹತ್ತಿ ಬರುವ ಕಾಲ, ಬಿಟ್ಟು ಬರಲು ಆಗುವುದಿಲ್ಲ ಎಂದ. ಹಾಗಾದರೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಅವಳು ಒಳ್ಳೆಯ ಸೀರೆ ಉಟ್ಟು ಆಟೋ ತರಿಸಿದಳು.

ಡಾಕ್ಟರು ನಡುವಯಸ್ಸಿನ ಹೆಂಗಸು, ತೆಲುಗಿನವಳು. ಹೇಮಾವತಿ ಬ್ಯಾಗಿನಿಂದ ಹೊಸ ಸೀಸೆ ತೆಗೆದು ತೋರಿಸಿದಳು. ವೀರಬಸಮ್ಮ ತಾನು ಅದನ್ನು ಪೂರಾ ಸುರಿದದ್ದನ್ನೂ, ಮಿಲ್ಲಿನ ವಾಸನೆಯನ್ನೂ ಕೇಳುವ ಮೊದಲೇ ಹೇಳಿಬಿಟ್ಟಳು. ಡಾಕ್ಟರು ಬೈಯಲಿಲ್ಲ. ಬೆರೆಸಿ ಹಚ್ಚಿದರೆ ಹಾಯೆನಿಸುತ್ತದೆ, ಹಚ್ಚಲಿ, ಸುರಿಯುವ ವಸ್ತುವಲ್ಲ ಎಂದಳು. ಘಾಟು ವಾಸನೆಯಿಂದ ಕೆಲವರಿಗೆ ನೋವು ಏಳುವುದುಂಟು, ಆದರೆ ಈ ಹುಡುಗಿಗೆ ಅದೇ ಎಂದು ಹೇಳಿದವರು ಯಾರು ಎಂದು ಕೇಳಿದಳು. ಆಮೇಲೆ ಹೇಮಾವತಿಯ ಕಡೆ ತಿರುಗಿದಳು.

"ಪೊದ್ದುನ ಏಂ ತಿಂಟಾವಮ್ಮಾ?"

ಬೆಳಿಗ್ಗೆ ಏನು ತಿನ್ನುತ್ತೀ ಎನ್ನುವ ಪ್ರಶ್ನೆ. ಹೇಮಾವತಿ ಒಮ್ಮೆ ಅತ್ತೆಯ ಮುಖ ನೋಡಿದಳು, ತಲೆ ಬಗ್ಗಿಸಿದಳು.

"ಏಮೀ ತಿನನು ಮೇಡಂ. ಸ್ಕೂಲ್ ನುಂಚಿ ವಚ್ಚಿನಾಕೇ."

ವೀರಬಸಮ್ಮನಿಗೆ ತೆಲುಗು ಚೆನ್ನಾಗಿ ಬರುತ್ತಿತ್ತು. ಆದರೂ ತಾನು ಕೇಳಿದ್ದು ಅದೇ ಹೌದೋ ಅಲ್ಲವೋ ಎಂದು ತಬ್ಬಿಬ್ಬಾದಳು. ಬೆಳಿಗ್ಗೆ ಏನೂ ಇಲ್ಲ, ಶಾಲೆಯಿಂದ ಬಂದ ಮೇಲೆಯೇ ಊಟ. ಹಾಗಾದರೆ ಜೂನಿನಿಂದ? ಶಾಲೆಯಲ್ಲೇ ಟೀಚರುಗಳಿಗೆ ಟಿಫಿನ್ ಇರುತ್ತದೆಂದು ಮನೆಯಲ್ಲಿ ಎಲ್ಲರೂ ತಿಳಿದಿದ್ದರು. ತಿಳಿದಿದ್ದರು ಅಷ್ಟೆ, ಯಾರೂ ಕೇಳಿರಲಿಲ್ಲ.

"ಕಡುಪು ಖಾಳೀಗಾ ಪೆಟ್ಟಿ ತಲಕು ನೂನೆ ರಾಸ್ತೇ ಏಂ ಲಾಭಂ?" ಎಂದು ಡಾಕ್ಟರು ಪೆನ್ನಿನ ತುದಿಯಿಂದ ಮೇಜು ಕುಟ್ಟಿದಳು. ಹೊಟ್ಟೆ ಖಾಲಿ ಇಟ್ಟು ತಲೆಗೆ ಎಣ್ಣೆ ಹಚ್ಚಿದರೆ ಏನು ಬಂತು? ಗುಳಿಗೆ ಬರೆದುಕೊಟ್ಟಳು. ಈ ನೋವು ಪೂರಾ ಹೋಗುತ್ತದೆಂದು ಮಾತು ಕೊಡುವುದಿಲ್ಲ, ಎದ್ದ ಕೂಡಲೆ ಏನಾದರೂ ತಿಂದರೆ ಬಹಳಷ್ಟು ಇಳಿಯುತ್ತದೆ ಎಂದಳು.

ಆಟೋದಲ್ಲಿ ವೀರಬಸಮ್ಮ ಕೇಳಿದಳು.

"ರೊಟ್ಟಿ ನೀನ ಬಡೀತಿದ್ದಿ. ಒಂದು ತಿಂದು ಹೋಗಾಕ ಏನಾಗಿತ್ತವ್ವ?"

"ಪೂಜಿ ಆಗದ ಹೆಂಗ ತಿನ್ಲಿ ಅತ್ತಿ? ಬಂದ ಹೊಸದಾಗ ನೀವ ಹೇಳಿದ್ದಿರಿ, ಈ ಮನ್ಯಾಗ ಲಿಂಗಪೂಜಿ ಆಗೂತನ ತುತ್ತು ಮುಟ್ಟೂದಿಲ್ಲ ಅಂತ. ಬೆಳಿಗ್ಗೆ ಕುಂದ್ರಾಕ ಹೊತ್ತು ಸಿಗಲಿಲ್ಲ. ಅವಸರಾಗ ಲಿಂಗಕ್ಕ ಒಂದು ಹೂ ಏರಿಸಿ ಓಡಿಹೋಗೂದು ಮನಸ್ಸಿಗಿ ಬರಲಿಲ್ಲ. ಮಧ್ಯಾಹ್ನ ಬಂದು ನೆಮ್ಮದಿಲೆ ಮಾಡಿ ಉಣ್ತಿದ್ದೆ. ತಲಿ ನೋತಂದ್ರ ಅದೂ ಇಲ್ಲ."

ತಾನು ಹಾಗೆ ಹೇಳಿದ್ದು ವೀರಬಸಮ್ಮನಿಗೆ ನೆನಪೇ ಇರಲಿಲ್ಲ. ಹೇಳಿರಬೇಕು. ಉಚ್ಚಮ್ಮ ತನಗೆ ಹೇಳಿದ್ದಳು, ಅದೇ ಮಾತು ಅದೇ ದನಿಯಲ್ಲಿ ಬಾಯಿಂದ ಬಂದಿರಬೇಕು. ಮಿಲ್ಲಿನ ಆಳುಗಳಿಗೆಲ್ಲ ಬಡಿಸಿ, ಗಂಡಸರ ಪೂಜೆಗೆ ಅಣಿ ಮಾಡಿ, ಅತ್ತೆಯದಾದ ಮೇಲೆ ತನ್ನ ಪೂಜೆ, ಆಮೇಲೆ ಊಟ. ಆಗ ಹೊತ್ತು ಎಲ್ಲಿಗೆ ಬಂದಿರುತ್ತಿತ್ತು? ಬೇವಿನ ನೆರಳು ಮರದ ಬುಡಕ್ಕೇ ಬಂದಿರುತ್ತಿತ್ತು. ಅಂದರೆ ಅಂಗಳದಲ್ಲಿ ಆ ಮೊಣಕಾಲುಗಳ ನಡುವೆ ತಾನು ಕುಳಿತಿರುತ್ತಿದ್ದದ್ದು ಹಸಿದುಕೊಂಡು. ಬೆಚ್ಚಗಿನ ಎಣ್ಣೆ ಸುರಿದ ಉಚ್ಚಮ್ಮ, ತಾಯಿಯಂತೆ ತಟ್ಟಿದ ಉಚ್ಚಮ್ಮ, ಉಂಡೆಯಾ ಎಂದು ಒಂದು ದಿನವೂ ಕೇಳಿರಲಿಲ್ಲ. ಪಾಪ, ಅವಳನ್ನೂ ಯಾರೂ ಕೇಳಿರಲಿಕ್ಕಿಲ್ಲ. ಇಷ್ಟು ವರ್ಷ ಎದೆಗವಚಿಕೊಂಡಿದ್ದ ಆ ಅಂಗಳ, ಆ ನೆರಳು ಈಗಲೂ ಸಿಹಿಯಾಗಿಯೇ ಇತ್ತು, ಆದರೆ ಇನ್ನು ಮೇಲೆ ಅದನ್ನು ನೆನೆದರೆ ಆ ಹಸಿವೂ ನೆನಪಾಗುತ್ತದೆಂದು ಅವಳಿಗೆ ಗೊತ್ತಾಯಿತು. ಅವಳು ಸೊಸೆಯ ಕೈ ಹಿಡಿದುಕೊಂಡಳು. ಮನೆ ಬರುವವರೆಗೂ ಬಿಡಲಿಲ್ಲ.

ಏಕಾಂತಪ್ಪನವರು ಎಲ್ಲವನ್ನೂ ಕೇಳಿದರು. ಸುಣ್ಣ ಬಳಿದ ಕೋಣೆಯ ಕಡೆ ಒಮ್ಮೆ ನೋಡಿದರು.

"ಹಂಗಾದ್ರ ಮಿಷಿನ್ದು ಏನೂ ತಪ್ಪಿದ್ದಿಲ್ಲ."

"ಇಲ್ರಿ" ಎಂದಳು ವೀರಬಸಮ್ಮ.

"ಇರ್ಲಿ. ತಪ್ಪಿಲ್ಲ ಅಂತ ಗೊತ್ತಾತಲ್ಲ, ಅಷ್ಟ ಸಾಕು." ಹಾಗೆಂದು ಪೇಪರು ಬಿಡಿಸಿದರು. ಬಹಳ ಹೊತ್ತು ಹಾಳೆ ತಿರುವಲಿಲ್ಲ.

ಸಂಜೆ ಸೋಮೇಶ ಬಂದಾಗ ಹೇಮಾವತಿ, ಮನೆಗಿನೆ ನೋಡುವುದು ಬೇಡವೆಂದು ಒಂದೇ ಮಾತಿನಲ್ಲಿ ಹೇಳಿದಳು. ಅವನು ಯಾಕೆ ಎನ್ನುವ ಮೊದಲೇ, ನೀವಾದರೂ ಒಂದು ದಿನ ನಾನು ಉಂಡೆನೋ ಇಲ್ಲವೋ ಕೇಳಿದ್ದೀರಾ ಎಂದಳು. ತಲೆಯ ಒಂದು ಪಕ್ಕ ಇನ್ನೂ ಸಿಡಿಯುತ್ತಿದ್ದುದರಿಂದ ಹೇಮಾವತಿ ಚಮಚದಲ್ಲಿ ಕೊಬ್ಬರಿ ಎಣ್ಣೆ ತಂದು, ಅದಕ್ಕೆ ಹನಿ ಬೆರೆಸಿ ಅತ್ತೆಯ ಮುಂದೆ ಹಿಡಿದಳು. ವೀರಬಸಮ್ಮ ಹೆದರುತ್ತ ಹೆದರುತ್ತ ಒಂದು ಬೆರಳು ಅದ್ದಿ, ಕಣ್ಣಿಗೆ ದೂರವಾಗಿ ಮೆಲ್ಲಗೆ ತೀಡಿದಳು. ಇನ್ನೂ ಸ್ವಲ್ಪ ಒತ್ತಿರಿ ಎಂದಳು ಸೊಸೆ.

ಮರುದಿನ ನಸುಕಿನಲ್ಲಿ ವೀರಬಸಮ್ಮನೇ ಎದ್ದು ಒಲೆ ಹಚ್ಚಿದಳು. ಹೇಮಾವತಿ ಸ್ನಾನ ಮುಗಿಸಿ ಬರುವಷ್ಟರಲ್ಲಿ ರೊಟ್ಟಿ, ಪುಂಡಿಪಲ್ಯ ಎರಡೂ ಬಿಸಿಯಾಗಿದ್ದವು. ತಟ್ಟೆ ಹಾಕಿ ಕುಂದ್ರು ಎಂದಳು. ಹೇಮಾವತಿ ನಿಂತೇ ಇದ್ದಳು. ಅವಳ ಕೈ ತಾನಾಗಿಯೇ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಯಿತು.

"ಡಾಕ್ಟರು ಹೇಳ್ಯಾರ, ಖರೆ. ಆದ್ರ ನೀವು ಪೂಜಿಗಂತ ಉಪಾಸ ಕುಂತಿರಾಗ ನಾ ಹೆಂಗ ತಿನ್ಲಿ ಅತ್ತಿ? ಗಂಟಲದಾಗ ಇಳಿಯೂದಿಲ್ಲ."

ವೀರಬಸಮ್ಮ ಇನ್ನೊಂದು ತಟ್ಟೆ ತೆಗೆದುಕೊಂಡಳು. ಸೊಸೆಯ ಎದುರಿಗೆ ನೆಲದ ಮೇಲೆ ಕುಳಿತಳು. ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು, ಇವತ್ತು ನೀನು ಸ್ವಲ್ಪ ಕಾಯಬೇಕಪ್ಪ ಎಂದು ಮನಸ್ಸಿನಲ್ಲೇ ಅಂದುಕೊಂಡು, ರೊಟ್ಟಿ ಮುರಿದು ಪಲ್ಯ ಹಚ್ಚಿ ಬಾಯಿಗಿಟ್ಟಳು. ಈ ಮನೆಗೆ ಬಂದಂದಿನಿಂದ ಅವಳು ಪೂಜೆಗೆ ಮೊದಲು ತಿಂದ ಮೊದಲ ತುತ್ತು ಅದು. ಅಗಿದಳು, ನುಂಗಿದಳು. ಪುಂಡಿಪಲ್ಯಕ್ಕೆ ಉಪ್ಪು ಕಡಿಮೆಯಾಗಿತ್ತು.

ಹೇಮಾವತಿ ಕಣ್ಣೊರೆಸಿಕೊಂಡು ಕುಳಿತಳು. ಇಬ್ಬರೂ ತಿನ್ನತೊಡಗಿದರು. ಎರಡನೆಯ ರೊಟ್ಟಿ ಮುರಿಯುವಾಗ ಬೀದಿಯಲ್ಲಿ ಶಾಲೆಯ ವ್ಯಾನ್ ಹಾರ್ನ್ ಹೊಡೆಯಿತು. ಹೇಮಾವತಿ ತಟ್ಟೆ ಸರಿಸಿ ಅರ್ಧ ಎದ್ದಳು. ವೀರಬಸಮ್ಮ ಅವಳ ಭುಜದ ಮೇಲೆ ಎಡಗೈ ಇಟ್ಟು ಕೂರಿಸಿದಳು.

ಅಷ್ಟರಲ್ಲಿ ತಲೆಬಾಗಿಲಿನಿಂದ ಏಕಾಂತಪ್ಪನವರ ದನಿ ಕೇಳಿತು. ಯಾರೂ ಹೇಳದೆಯೇ ಎದ್ದುಹೋಗಿ ವ್ಯಾನಿಗೆ ಅಡ್ಡ ನಿಂತಿದ್ದರು.

"ಆಗು ನಾಯನಾ" ಎನ್ನುತ್ತಿದ್ದರು ಡ್ರೈವರಿಗೆ, ತಡೆಯಪ್ಪ, ನಮ್ಮ ಮನೆಯ ಹೆಂಗಸರು ತಿನ್ನುತ್ತಿದ್ದಾರೆ ಎಂದು. "ಮಾ ಇಂಟ್ಲೋ ಆಡವಾಳ್ಳು ತಿಂಟುನ್ನಾರು."